ಸೂಜಿ, ಬೆಲ್ಟು, ಮತ್ತೆ ಅದೇ ಮೂಟೆ: ಆದವಾನಿಯ ಹಮಾಲಿ ಅಣ್ಣತಮ್ಮಂದಿರಿಗೆ ಬಹಿರಂಗ ಪತ್ರ

ಆದವಾನಿ ಮಾರುಕಟ್ಟೆಯಂಗಳದಲ್ಲಿ, ಜಿನ್ನಿಂಗ್ ಮಿಲ್ಲುಗಳಲ್ಲಿ, ಎಣ್ಣೆ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲಿ ಅಣ್ಣಂದಿರಿಗೆ, ತಮ್ಮಂದಿರಿಗೆ,

ನಾನು ನಿಮ್ಮ ಸೀಮೆಯಲ್ಲೇ ಕೆಲಸ ಮಾಡುವ ಫಿಜಿಯೋಥೆರಪಿಸ್ಟ್. ಸೊಂಟ ಹಿಡಿದವರು, ಕುತ್ತಿಗೆ ತಿರುಗಿಸಲಾಗದವರು, ಕಾಲಿಗೆ ಜೋಮು ಇಳಿದವರು, ಕಬಡ್ಡಿಯಲ್ಲಿ ಮಂಡಿ ತಿರುಚಿಕೊಂಡ ಹುಡುಗರು, ಇವರ ನಡುವೆಯೇ ನನ್ನ ದಿನ ಹೋಗುತ್ತದೆ. ಅವರಲ್ಲಿ ಎಲ್ಲರಿಗಿಂತ ತಡವಾಗಿ ಬರುವವರು ನೀವು. ನೋವು ಶುರುವಾಗಿ ಎರಡು ಮೂರು ಹತ್ತಿ ಸೀಜನ್ ದಾಟಿರುತ್ತದೆ. ಅಷ್ಟರಲ್ಲಿ ಸೂಜಿ ಹಾಕಿಸಿಕೊಂಡಾಗಿರುತ್ತದೆ, ಬೆಲ್ಟು ಕಟ್ಟಿಕೊಂಡಾಗಿರುತ್ತದೆ, ಸಾಲ ಮಾಡಿ ಸ್ಕ್ಯಾನೂ ಮಾಡಿಸಿಯಾಗಿರುತ್ತದೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳುವ ಮಾತನ್ನು ಎಲ್ಲರಿಗೂ ಒಟ್ಟಿಗೆ ಹೇಳಬೇಕೆಂದು ಈ ಕಾಗದ ಬರೆಯುತ್ತಿದ್ದೇನೆ. ಗುಂಪಿನಲ್ಲಿ ಓದು ಬಲ್ಲವರು ಚಹಾದ ಹೊತ್ತಿನಲ್ಲಿ ಉಳಿದವರಿಗೆ ಓದಿ ಹೇಳಿ.

ಹೇಳಬೇಕಾದದ್ದು ಒಂದೇ. ಹಿಡಿದ ಬೆನ್ನನ್ನು ಮತ್ತೆ ದುಡಿಮೆಗೆ ತರುವ ಮದ್ದು ನಿಮ್ಮ ಮೈಯ ಚಲನೆಯಲ್ಲೇ ಇದೆ. ಅಳತೆ ನೋಡಿ ಶುರು ಮಾಡಿ, ದಿನದಿನಕ್ಕೆ ಏರಿಸುತ್ತ ಹೋಗುವ ಚಲನೆ ಅದು. ಸೂಜಿ, ಮಾತ್ರೆ, ಬೆಲ್ಟು, ಕರೆಂಟು ಇವೆಲ್ಲ ಹೆಚ್ಚೆಂದರೆ ಆ ಚಲನೆಗೆ ನಾಲ್ಕು ದಿನ ದಾರಿ ಮಾಡಿಕೊಡಬಹುದು. ಅವುಗಳನ್ನೇ ಚಿಕಿತ್ಸೆ ಎಂದುಕೊಂಡು ನೀವು ಕಳೆದುಕೊಳ್ಳುತ್ತಿರುವುದು ದುಡ್ಡನ್ನಷ್ಟೇ ಅಲ್ಲ, ದುಡಿಯುವ ವಯಸ್ಸನ್ನೂ ಕಳೆದುಕೊಳ್ಳುತ್ತಿದ್ದೀರಿ.

ಮೊದಲು ಹೆದರಿಕೆಯ ವಿಷಯ. ಮೂಟೆ ಎತ್ತುವಾಗ ಸೊಂಟದಲ್ಲಿ ಚಳಕು ಹೊಡೆದು ಅಲ್ಲೇ ಕುಸಿದವರಿಗೆ ತಮ್ಮ ಬೆನ್ನೆಲುಬೇ ಮುರಿಯಿತು ಎನಿಸುತ್ತದೆ. ನೋವು ಅಷ್ಟು ಭಯಂಕರವಾಗಿರುತ್ತದೆ. ಆದರೆ ಬೆನ್ನುನೋವಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಯಾವ ಮುರಿತವೂ ಅಲ್ಲ, ಯಾವ ದೊಡ್ಡ ರೋಗವೂ ಅಲ್ಲ. ಸ್ನಾಯು, ಕೀಲು, ಎರಡು ಮೂಳೆಗಳ ನಡುವಿನ ಡಿಸ್ಕು, ಇವುಗಳಲ್ಲಿ ಯಾವುದೋ ಒಂದು ಕೆರಳಿರುತ್ತದೆ. ಸುತ್ತಲಿನ ಸ್ನಾಯುಗಳೆಲ್ಲ ಆ ಜಾಗವನ್ನು ಕಾಯಲು ಬಿಗಿದುಕೊಂಡಿರುತ್ತವೆ. ಬಹಳ ಮಂದಿಗೆ ಇದು ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯಬೇಕಾದರೆ ಮಲಗಿರಬೇಕು ಎಂಬುದು ಹಳೆಯ ನಂಬಿಕೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಗರಸಭೆಯ ನೌಕರರ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಈ ನಂಬಿಕೆಯನ್ನು ಅಲುಗಿಸಿತು. ಹೊಸದಾಗಿ ಸೊಂಟ ಹಿಡಿದ 186 ಜನರಲ್ಲಿ ಒಂದು ಗುಂಪಿಗೆ ಎರಡು ದಿನ ಹಾಸಿಗೆಯಲ್ಲೇ ಇರಲು ಹೇಳಿದರು, ಇನ್ನೊಂದು ಗುಂಪಿಗೆ ವ್ಯಾಯಾಮ ಕೊಟ್ಟರು, ಮೂರನೆಯ ಗುಂಪಿಗೆ ನೋವು ತಡೆದುಕೊಳ್ಳುವಷ್ಟು ಮಟ್ಟಿಗೆ ದಿನದ ಓಡಾಟ ಮುಂದುವರಿಸಿ ಎಂದರು. ಬೇಗ ಚೇತರಿಸಿಕೊಂಡದ್ದು ಆ ಮೂರನೆಯ ಗುಂಪು. ಮಲಗಿದ್ದವರದು ಎಲ್ಲರಿಗಿಂತ ನಿಧಾನ. ಹಾಗೆಂದು ಮರುದಿನವೇ ಮೂಟೆಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಎದ್ದು ಅಂಗಳದಲ್ಲಿ ನಡೆಯಿರಿ, ನಿಮ್ಮ ಸ್ನಾನ ನೀವೇ ಮಾಡಿ, ಅಂಗಡಿತನಕ ಹೋಗಿ ಬನ್ನಿ. ಮೂಲೆ ಹಿಡಿದು ಮಲಗಬೇಡಿ.

ಸ್ಕ್ಯಾನ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕರ್ನೂಲಿಗೋ ಬಳ್ಳಾರಿಗೋ ಹೋಗಿ ಎಂ.ಆರ್.ಐ. ಮಾಡಿಸಿಕೊಂಡು ಬಂದು, ಡಿಸ್ಕ್ ಜಾರಿದೆಯಂತೆ, ಗ್ಯಾಪ್ ಬಂದಿದೆಯಂತೆ, ಇನ್ನು ನನ್ನ ಕೆಲಸ ಮುಗಿಯಿತು ಎಂದು ಕುಳಿತ ಗಟ್ಟಿಮುಟ್ಟಾದ ಗಂಡಸರನ್ನು ನೋಡಿ ನನಗೆ ಸಂಕಟವಾಗುತ್ತದೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳ ಮೇಲೆ ಆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಲೆಕ್ಕ ಹೊರಬಂತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕು ಉಬ್ಬಿತ್ತು. ಎಂಬತ್ತು ದಾಟಿದವರಲ್ಲಿ ಅದು ನೂರಕ್ಕೆ 84. ಇವರು ಯಾರಿಗೂ ನೋವಿರಲಿಲ್ಲ. ತಲೆಗೂದಲು ನೆರೆತಂತೆ ಬೆನ್ನೊಳಗೂ ವಯಸ್ಸು ಕಾಣಿಸುತ್ತದೆ. ಕಾಲಿಗೆ ಇಳಿಯುವ ನೋವು ಇದ್ದು, ನಿಜವಾಗಿಯೂ ಡಿಸ್ಕಿನ ತುಣುಕು ನರಕ್ಕೆ ತಾಗುತ್ತಿದ್ದಾಗಲೂ ಬಹಳ ಸಲ ಆ ತುಣುಕು ತಿಂಗಳುಗಳಲ್ಲಿ ತಾನಾಗಿ ಕರಗಿ ಸಣ್ಣದಾಗುತ್ತದೆ. ಸ್ಕ್ಯಾನು ಬೇಕಾದ ಸಂದರ್ಭಗಳು ಬೇರೆ ಇವೆ, ಅವನ್ನು ಮುಂದೆ ಬರೆದಿದ್ದೇನೆ.

ಈಗ ಸೂಜಿ. ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ಮಧ್ಯಾಹ್ನಕ್ಕೆ ಲಾರಿ ಹತ್ತುವುದು ನಿಮ್ಮಲ್ಲಿ ರೂಢಿಯಾಗಿದೆ. ಏಕೆಂದು ನನಗೆ ಗೊತ್ತು. ಮೂಟೆಗೆ ಇಷ್ಟು ಎಂದು ಕೂಲಿ ಸಿಗುವವರಿಗೆ ರಜೆ ಎಂಬುದು ಉಪವಾಸದ ಇನ್ನೊಂದು ಹೆಸರು. ಆದರೆ ಆ ಸೂಜಿಯಲ್ಲಿ ಸಾಮಾನ್ಯವಾಗಿ ಇರುವುದು ಡೈಕ್ಲೋಫೆನಾಕ್. ಜೊತೆಗೆ ಕೆಲವೊಮ್ಮೆ ಸ್ಟೀರಾಯ್ಡ್. ಡೈಕ್ಲೋಫೆನಾಕನ್ನು ಪದೇ ಪದೇ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ನಮ್ಮ ಬೇಸಿಗೆಯಲ್ಲಿ ಬೆವರು ಸುರಿಸಿ, ನೀರು ಕುಡಿಯಲು ಪುರುಸೊತ್ತಿಲ್ಲದೆ ದುಡಿಯುವವರಿಗೆ ಈ ಎರಡನೆಯ ಅಪಾಯ ಇನ್ನೂ ಹೆಚ್ಚು. ಸ್ಟೀರಾಯ್ಡನ್ನು ಅಳತೆಯಿಲ್ಲದೆ ತೆಗೆದುಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ತೊಡೆಯ ಮೂಳೆಯ ತಲೆಗೆ ರಕ್ತದ ಹರಿವು ನಿಂತು ಸೊಂಟದ ಕೀಲೇ ಕುಸಿಯಬಹುದು. ಇದೆಲ್ಲದಕ್ಕಿಂತ ನನಗೆ ಹೆಚ್ಚು ಚಿಂತೆ ತರುವ ಮಾತು ಒಂದಿದೆ. ಕೆರಳಿದ ಜಾಗ ಇನ್ನೂ ಮಾಯ್ದಿರುವುದಿಲ್ಲ, ನೋವು ಮಾತ್ರ ಮುಚ್ಚಿಹೋಗಿರುತ್ತದೆ. ಎಚ್ಚರಿಸುವ ದನಿಯನ್ನು ಅಡಗಿಸಿ ಅದೇ ಬೆನ್ನಿನ ಮೇಲೆ ಅದೇ ಭಾರ ಇಡುತ್ತೀರಿ.

ಬೆಲ್ಟು ಮತ್ತು ಕರೆಂಟಿನ ವಿಷಯ ಹೇಳುವಾಗ ನಮ್ಮ ವೃತ್ತಿಯ ಕಡೆಗೂ ನೇರವಾಗಿ ನೋಡಬೇಕು. ಫಿಜಿಯೋಥೆರಪಿ ಎಂದರೆ ಕರೆಂಟು ಇಡಿಸಿಕೊಳ್ಳುವುದು ಎಂದು ನಮ್ಮ ಜನ ತಿಳಿದಿದ್ದಾರೆ. ಮಲಗಿಸಿ ಯಂತ್ರ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಎಬ್ಬಿಸಿ ಕಳಿಸುವುದೇ ಚಿಕಿತ್ಸೆಯಾಗಿರುವ ಕಡೆ ಬೇರೇನು ತಿಳಿಯಲು ಸಾಧ್ಯ? ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಬಹಳ ದಿನದ ಬೆನ್ನುನೋವಿಗೆ ಏನು ಮಾಡಬೇಕು, ಏನು ಬೇಡ ಎಂಬ ಮಾರ್ಗಸೂಚಿ ಹೊರಡಿಸಿತು. ರೋಗಿಗೆ ತನ್ನ ನೋವಿನ ಬಗ್ಗೆ ತಿಳಿಸಿಕೊಡುವುದು, ಕ್ರಮವಾದ ವ್ಯಾಯಾಮ, ಮಸಾಜಿನಂಥ ಕೈಯ ಚಿಕಿತ್ಸೆ ಬೇಕಾದವುಗಳಲ್ಲಿ ಸೇರಿವೆ. ಸೊಂಟದ ಬೆಲ್ಟು, ಬೆನ್ನು ಎಳೆಯುವ ಟ್ರಾಕ್ಷನ್, ಅಲ್ಟ್ರಾಸೌಂಡ್ ಯಂತ್ರ, ನರಕ್ಕೆ ಕೊಡುವ ಟೆನ್ಸ್ ಕರೆಂಟು ಬೇಡದವುಗಳಲ್ಲಿವೆ. ಆದ್ದರಿಂದ ಯಾವ ಫಿಜಿಯೋಥೆರಪಿಸ್ಟ್ ಹತ್ತಿರ ಹೋದರೂ ಒಂದು ಪ್ರಶ್ನೆ ಕೇಳಿ: ಮನೆಯಲ್ಲಿ ನಾನೇನು ಮಾಡಬೇಕು? ಉತ್ತರ ಹೇಳದೆ ನಾಳೆ ಮತ್ತೆ ಕರೆಂಟಿಗೆ ಬಾ ಎಂದರೆ ಬೇರೆಯವರನ್ನು ಹುಡುಕಿ.

ಹಳ್ಳಿಯ ಉಪಾಯಗಳ ಬಗ್ಗೆ ಕೇಳುತ್ತೀರಿ. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಹೋಗಿ ಸೊಂಟಕ್ಕೆ ಒದೆಸಿಕೊಳ್ಳುವುದನ್ನು ನಾನೂ ಚಿಕ್ಕಂದಿನಿಂದ ನೋಡಿದ್ದೇನೆ. ಹೊಸ ನೋವು ಹೇಗೂ ಕೆಲವು ದಿನಕ್ಕೆ ಇಳಿಯುವುದರಿಂದ ಒದೆಗೆ ಹೆಸರು ಬಂತು. ಮೆಲ್ಲಗೆ ತಾಗಿಸಿದರೆ ತೊಂದರೆಯಿಲ್ಲ. ವಯಸ್ಸಾದವರಿಗೆ, ಮೂಳೆ ಸವೆದವರಿಗೆ ಬಲವಾಗಿ ಒದೆಯುವುದು ಅಪಾಯ. ಬರೆ ಹಾಕಿಸುವುದನ್ನು ಮಾತ್ರ ಯಾರಿಗೂ, ಯಾವ ಕಾರಣಕ್ಕೂ ಮಾಡಿಸಬೇಡಿ. ಸುಟ್ಟ ಗಾಯ ಕೀವಾಗುವುದಲ್ಲದೆ ಅದರಿಂದ ಬೇರೇನೂ ಆಗುವುದಿಲ್ಲ.

ಈಗ ನಿಮ್ಮ ದೊಡ್ಡ ತಕರಾರಿಗೆ ಬರುತ್ತೇನೆ. ನಾನು ವ್ಯಾಯಾಮ ಎಂದ ಕೂಡಲೇ ನಿಮ್ಮ ಮುಖದಲ್ಲಿ ಬೇಸರ ಕಾಣುತ್ತದೆ. ದಿನವಿಡೀ ಮೈ ಮುರಿಯುವವನಿಗೆ ಇನ್ನೆಂಥ ವ್ಯಾಯಾಮ, ಅದು ಕುರ್ಚಿ ಮೇಲೆ ಕೂರುವ ಸಾಹುಕಾರರಿಗೆ ಹೇಳಿ ಎನ್ನುತ್ತೀರಿ. ಈ ಪ್ರಶ್ನೆಗೆ ಗೌರವ ಕೊಟ್ಟು ಉತ್ತರ ಹೇಳಬೇಕು, ಏಕೆಂದರೆ ಇದನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ಡೆನ್ಮಾರ್ಕಿನ ಸಂಶೋಧಕರು ವರ್ಷಗಟ್ಟಲೆ ಕಾರ್ಮಿಕರನ್ನು ಗಮನಿಸಿ ಕಂಡುಕೊಂಡದ್ದು ಹೀಗಿದೆ: ಬಿಡುವಿನ ಹೊತ್ತಿನಲ್ಲಿ ಮೈ ದಂಡಿಸಿದರೆ ಆರೋಗ್ಯ ಬೆಳೆಯುತ್ತದೆ, ಕೂಲಿ ಕೆಲಸದಲ್ಲಿ ಮೈ ದಂಡಿಸಿದರೆ ಹಾಗಾಗುವುದಿಲ್ಲ, ಕೆಲವು ಸಲ ತಿರುಗುಬಾಣವಾಗುತ್ತದೆ. ಕಾರಣ ನೋಡಿ. ಕೆಲಸದಲ್ಲಿ ಎಷ್ಟು ಭಾರ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ. ಅದು ಲಾರಿಯ ಕೈಯಲ್ಲಿದೆ. ಒಂದೇ ಬಗೆಯ ಬಾಗು, ಒಂದೇ ಹೆಗಲು, ಒಂದೇ ಪಕ್ಕದ ತಿರುವು ಸಾವಿರ ಸಲ ಆಗುತ್ತದೆ. ದಣಿದ ಸ್ನಾಯುವಿಗೆ ಚೇತರಿಸಿಕೊಳ್ಳುವ ಸಮಯ ಸಿಗುವುದಿಲ್ಲ. ಹೀಗಾಗಿ ಕೆಲವು ಸ್ನಾಯುಗಳು ಕಲ್ಲಿನಂತಾಗುತ್ತವೆ, ಬೆನ್ನನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಸಣ್ಣ ಸ್ನಾಯುಗಳು ಸೊರಗುತ್ತವೆ.

ನಾನು ಹೇಳುವ ವ್ಯಾಯಾಮದಲ್ಲಿ ಅಳತೆ ನಿಮ್ಮದು. ಹೊಸದಾಗಿ ನೊಗಕ್ಕೆ ಹೂಡಿದ ಹೋರಿಗೆ ಯಾವ ರೈತನೂ ಮೊದಲ ದಿನವೇ ತುಂಬಿದ ಬಂಡಿ ಕಟ್ಟುವುದಿಲ್ಲ. ಖಾಲಿ ಬಂಡಿ, ಅರ್ಧ ಬಂಡಿ, ಆಮೇಲೆ ಪೂರ್ತಿ. ನೋವಿನಿಂದೆದ್ದ ಬೆನ್ನಿಗೂ ಅದೇ ಕ್ರಮ ಬೇಕು.

ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಜಿಯೋಥೆರಪಿಸ್ಟ್ ಅವರ ಕಥೆಯನ್ನು ನಾನು ನಿಮ್ಮವರಿಗೆ ಎಷ್ಟೋ ಸಲ ಹೇಳಿದ್ದೇನೆ. 1956ರಲ್ಲಿ ವೆಲ್ಲಿಂಗ್ಟನ್ನಿನ ಅವರ ಚಿಕಿತ್ಸಾಲಯಕ್ಕೆ ವಾರಗಟ್ಟಲೆ ಕಾಲುನೋವಿನಿಂದ ನರಳುತ್ತಿದ್ದ ಒಬ್ಬ ರೋಗಿ ಬಂದ. ಒಳಗೆ ಹೋಗಿ ಕಮುಚಿ ಮಲಗಿರು ಎಂದು ಅವರು ಹೇಳಿ ಕಳಿಸಿದರು. ಮಂಚದ ತಲೆಯ ಭಾಗ ಮೇಲಕ್ಕೆ ಎತ್ತಿಟ್ಟಿದ್ದು ಯಾರಿಗೂ ನೆನಪಿರಲಿಲ್ಲ. ಬೆನ್ನು ಹಿಂದಕ್ಕೆ ಬಾಗಿದ ಭಂಗಿಯಲ್ಲೇ ಆತ ಐದು ನಿಮಿಷ ಮಲಗಿದ. ಮೆಕೆಂಜಿ ಗಾಬರಿಯಿಂದ ಬಂದು ನೋಡಿದರೆ ಕಾಲಿನ ನೋವು ಬಿಟ್ಟಿತ್ತು, ಸೊಂಟದ ನಡುವೆ ಸ್ವಲ್ಪ ಮಾತ್ರ ಉಳಿದಿತ್ತು. ಕಾಲಿಗೆ ಇಳಿದ ನೋವು ಮೇಲಕ್ಕೆ ಸರಿದು ಸೊಂಟದ ನಡುವಿಗೆ ಬಂದರೆ ಅದು ಒಳ್ಳೆಯ ಲಕ್ಷಣ ಎಂದು ಅವರು ಅಂದು ಗುರುತಿಸಿದರು. ಇಂದಿಗೂ ನಾವು ಅದನ್ನೇ ನೋಡಿ ವ್ಯಾಯಾಮದ ದಿಕ್ಕು ತೀರ್ಮಾನಿಸುತ್ತೇವೆ.

ದಿನವಿಡೀ ಮುಂದಕ್ಕೇ ಬಾಗುವ ನಿಮ್ಮಲ್ಲಿ ಬಹಳ ಜನರಿಗೆ ಈ ಹಿಂದಕ್ಕೆ ಬಾಗುವ ಚಲನೆ ಹಿಡಿಸುತ್ತದೆ. ಚಾಪೆಯ ಮೇಲೆ ಕಮುಚಿ ಮಲಗಿ, ಎರಡು ಮೊಣಕೈ ಊರಿ ಎದೆ ಎತ್ತಿ, ಎರಡು ನಿಮಿಷ ಉಸಿರಾಡುತ್ತ ಇರಿ. ಸರಿ ಅನಿಸಿದರೆ ಅಂಗೈ ಊರಿ ಮೆಲ್ಲಗೆ ಇನ್ನಷ್ಟು ಎತ್ತಿ ಇಳಿಸಿ, ಹತ್ತು ಸಲ. ನೋವು ಕಾಲಿನಲ್ಲಿ ಇನ್ನೂ ಕೆಳಕ್ಕೆ ಇಳಿದರೆ ಅಲ್ಲೇ ನಿಲ್ಲಿಸಿ, ನಿಮಗೆ ಬೇರೆ ದಿಕ್ಕು ಬೇಕು ಎಂದರ್ಥ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ ಹಿಡಿಯುವುದು ಇನ್ನೊಂದು. ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈ, ಅದರ ಎದುರಿನ ಕಾಲು ನೀಡಿ ಅಲುಗಾಡದೆ ನಿಲ್ಲುವುದು ಮತ್ತೊಂದು. ಹೊರುವ ತೋಳುಗಳೇ ಇದರಲ್ಲಿ ನಡುಗುವುದನ್ನು ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ತಲೆ, ಹೆಗಲ ಮೇಲೆ ಹೊತ್ತು ಕುತ್ತಿಗೆ ಹಿಡಿದವರು ಗೋಡೆಗೆ ಬೆನ್ನು ಕೊಟ್ಟು ನಿಂತು, ಗದ್ದವನ್ನು ಕತ್ತಿನ ಕಡೆಗೆ ಹಿಂದೆ ಸರಿಸಿ ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಬೇಕು. ಜೊತೆಗೆ ಎರಡೂ ಹೆಗಲ ಮೂಳೆಗಳನ್ನು ಹಿಂದೆ ಕೂಡಿಸಬೇಕು. ಕೆಲಸಕ್ಕೆ ಮುನ್ನ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ.

ಇದಕ್ಕೂ ಸರಳವಾದದ್ದು ನಡಿಗೆ. ಆಸ್ಟ್ರೇಲಿಯಾದಲ್ಲಿ ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಒಂದು ಪರೀಕ್ಷೆ ನಡೆಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಫಿಜಿಯೋಥೆರಪಿಸ್ಟ್ ಸಲಹೆಯಂತೆ ನಡಿಗೆಯನ್ನು ಹಂತಹಂತವಾಗಿ ಏರಿಸಿಕೊಂಡವರಿಗೆ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ಮೂಟೆ ಹೊತ್ತು ಲಾರಿಯಿಂದ ಗೋದಾಮಿಗೆ ಓಡಾಡುವುದು ಈ ನಡಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಕೈ ಬೀಸಿಕೊಂಡು, ಬೆನ್ನು ನೆಟ್ಟಗಿಟ್ಟು, ಬರಿಗೈಯಲ್ಲಿ ಅರ್ಧ ಗಂಟೆ ನಡೆಯಬೇಕು.

ಆದರೆ ಬೆನ್ನನ್ನು ಗಟ್ಟಿ ಮಾಡಿಕೊಳ್ಳಿ ಎಂದು ನಿಮಗೊಬ್ಬರಿಗೇ ಹೇಳಿ ಕೈತೊಳೆದುಕೊಂಡರೆ ಅನ್ಯಾಯ. ಭಾರ ಎತ್ತುವ ಸರಿಯಾದ ರೀತಿಯನ್ನು ಕಲಿಸಿದರೆ ಸಾಕು, ಬೆನ್ನುನೋವು ನಿಲ್ಲುತ್ತದೆ ಎಂದು ಮಾಲೀಕರು ಜಗತ್ತಿನಲ್ಲೆಲ್ಲ ನಂಬಿದ್ದರು. ಅಂಥ ತರಬೇತಿಗಳನ್ನು ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಬರೀ ತರಬೇತಿಯಿಂದ ನೋವು ತಗ್ಗಿದ್ದು ಕಾಣಲಿಲ್ಲ. ಭಾರ ಎಷ್ಟು, ಎಷ್ಟು ಎತ್ತರದಿಂದ ಎತ್ತಬೇಕು, ಎಷ್ಟು ಸಲ, ಮೈ ತಿರುಚಬೇಕೋ ಇಲ್ಲವೋ, ಇವು ಬದಲಾಗಬೇಕು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಎಲ್ಲ ಅನುಕೂಲ ಇರುವಾಗಲೂ ಒಬ್ಬರು ಎತ್ತಬಹುದಾದ ಭಾರದ ಮಿತಿ 23 ಕಿಲೊ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗಂಡಾಳಿಗೆ 55 ಕಿಲೊ ದಾಟಬಾರದೆಂದು ಶಿಫಾರಸು ಮಾಡಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೆಯ ಸೆಕ್ಷನ್, ಗಾಯವಾಗಬಹುದಾದಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದು ಎಂದಿತು. ನೀವು ಹೊರುವ ಚೀಲ ಎಷ್ಟು ತೂಗುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಿಲ್ಲಿನಲ್ಲಿ ಪ್ರೆಸ್ ಆದ ಹತ್ತಿ ಬೇಲಂತೂ 170 ಕಿಲೊ.

ಮಹಾರಾಷ್ಟ್ರದಲ್ಲಿ ಹಮಾಲರಿಗಾಗಿಯೇ 1969ರಲ್ಲಿ ಮಾಥಾಡಿ ಕಾಯ್ದೆ ಬಂತು. ಮಂಡಳಿಯಲ್ಲಿ ಹಮಾಲರ ಹೆಸರು ನೋಂದಾಯಿಸಿ, ಮಾಲೀಕರಿಂದ ಕೂಲಿಯ ಜೊತೆಗೆ ಲೆವಿ ಕಟ್ಟಿಸಿಕೊಂಡು, ಅದರಿಂದ ಭವಿಷ್ಯ ನಿಧಿ, ವೈದ್ಯಕೀಯ ನೆರವು ಕೊಡುವ ವ್ಯವಸ್ಥೆ ಅದು. ಅದರ ಹಿಂದೆ ಪುಣೆಯ ಬಾಬಾ ಆಢಾವ್ ಅವರಂಥವರು ಹಮಾಲ್ ಪಂಚಾಯತ್ ಕಟ್ಟಿ ವರ್ಷಗಟ್ಟಲೆ ನಡೆಸಿದ ಹೋರಾಟವಿತ್ತು. ಆಢಾವ್ ಮೂಲತಃ ವೈದ್ಯರಾಗಿದ್ದರು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಅಂಥ ಕಾನೂನಿನ ನೆರವು ಸಿಗುವ ತನಕ ಕಾಯಬೇಕಿಲ್ಲದ ಒಂದು ದಾರಿ ನಿಮ್ಮ ಗುಂಪಿನೊಳಗೇ ಇದೆ. ಬಹಳ ಗುಂಪುಗಳಲ್ಲಿ ದಿನದ ಕೂಲಿಯನ್ನು ಒಟ್ಟುಮಾಡಿ ಹಂಚಿಕೊಳ್ಳುತ್ತೀರಿ. ಸೊಂಟ ಹಿಡಿದವನನ್ನು ಎರಡು ಮೂರು ವಾರ ಚೀಲದ ಬಾಯಿ ಹೊಲಿಯಲು, ಕಾಟಾದ ಹತ್ತಿರ ತೂಕಕ್ಕೆ, ಕಸ ಗುಡಿಸಿ ರಾಶಿ ಮಾಡಲು ಹಚ್ಚಿ ಅವನ ಪಾಲನ್ನು ಉಳಿಸಿಕೊಡಿ. ಆಮೇಲೆ ಅರ್ಧ ದಿನ ಸಣ್ಣ ಚೀಲ, ಆಮೇಲೆ ಪೂರ್ತಿ ದಿನ. ಇವತ್ತು ಅವನಿಗೆ, ನಾಳೆ ನಿಮ್ಮಲ್ಲೇ ಇನ್ನೊಬ್ಬರಿಗೆ. ನನ್ನ ಯಾವ ಚಿಕಿತ್ಸೆಗಿಂತಲೂ ಇದು ದೊಡ್ಡದು. ಇನ್ನೊಂದನ್ನು ಮಾಲೀಕರ ಹತ್ತಿರ ಪಟ್ಟುಹಿಡಿದು ಕೇಳಿ: ಚೀಲಗಳನ್ನು ನೆಲದ ಮೇಲಿಂದ ಎತ್ತಿಸದೆ ಸೊಂಟದೆತ್ತರದ ಕಟ್ಟೆಯ ಮೇಲೆ ಇಡಿಸಿ, ತಳ್ಳುಗಾಡಿ ಕೊಡಿಸಿ.

ನಿಮ್ಮ ಮನೆಯ ಹೆಣ್ಣುಮಕ್ಕಳ ಬೆನ್ನಿನ ಬಗ್ಗೆಯೂ ಹೇಳಬೇಕು, ಅವರು ತಾವಾಗಿ ಹೇಳಿಕೊಳ್ಳುವುದಿಲ್ಲ. ಕೋಸಿಗಿ, ಕೌತಾಳಂ, ಪೆದ್ದಕಡುಬೂರು, ಮಂತ್ರಾಲಯದ ಕಡೆಯಿಂದ ಸಂಕ್ರಾಂತಿಯಾದ ಮೇಲೆ ಮನೆಗೆ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಸಂಸಾರಗಳೆಷ್ಟು! ಬೆಳಗಿನಿಂದ ಸಂಜೆಯತನಕ ಬಾಗಿದ ಬೆನ್ನು, ಬಂದ ಮೇಲೆ ನೀರು, ಅಡುಗೆ, ಮಗು. ಅವರ ಸೊಂಟನೋವಿಗೆ ಬಿಳಿ ಹೋಗುವುದೇ ಕಾರಣ ಎಂದು ನಂಬಿಸಿ, ಕೊನೆಗೆ ಗರ್ಭಕೋಶ ತೆಗೆಸುವ ಮಟ್ಟಕ್ಕೆ ಹೋಗಿದೆ ನಮ್ಮ ರಾಜ್ಯ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ನೂರಕ್ಕೆ ಸುಮಾರು 3, ಆಂಧ್ರದಲ್ಲಿ ಸುಮಾರು 9. ಎಲ್ಲ ರಾಜ್ಯಗಳಿಗಿಂತ ಹೆಚ್ಚು. ದುಡಿದು ಸೋತ ಬೆನ್ನಿನ ನೋವು ಗರ್ಭಕೋಶ ತೆಗೆಸಿದರೆ ಹೋಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ತೆಗೆದರೆ ಮೂಳೆ ಬೇಗ ಸವೆದು ನೋವು ಹೆಚ್ಚುತ್ತದೆ. ದಯವಿಟ್ಟು ಅಂಥ ಆಪರೇಷನ್ನಿಗೆ ಸಹಿ ಹಾಕುವ ಮುನ್ನ ಇನ್ನೊಬ್ಬ ವೈದ್ಯರನ್ನು ಕೇಳಿ. ಹೊಲದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಐದಾರು ಸಲ ಹಿಂದಕ್ಕೆ ಬಾಗಲು ಹೇಳಿ. ಮನೆಯಲ್ಲಿ ಕೊಡ ನೀವು ಹೊರಿ.

ನಿಮ್ಮ ಮಕ್ಕಳ ಕಬಡ್ಡಿಗೆ ಬರುತ್ತೇನೆ. ಊರ ಜಾತ್ರೆಯ ಟೂರ್ನಿಮೆಂಟಿನಲ್ಲಿ ಹುಡುಗ ತಿರುಗಿ ಓಡುವಾಗ ಮಂಡಿಯಲ್ಲಿ ಟಪ್ ಎಂದು ಶಬ್ದವಾಗಿ, ಕೆಲವೇ ಗಂಟೆಯಲ್ಲಿ ಮಂಡಿ ಊದಿಕೊಂಡರೆ ಒಳಗಿನ ಎ.ಸಿ.ಎಲ್. ಎಂಬ ಕಟ್ಟು ಹರಿದಿರುವ ಸಂಭವ ಹೆಚ್ಚು. ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ತಣ್ಣನೆ ಬಟ್ಟೆ ಇಟ್ಟು, ಕಾಲು ಎತ್ತರಕ್ಕಿಟ್ಟು, ಮೂಳೆ ವೈದ್ಯರಿಗೆ ತೋರಿಸಿ. ಊತ ಇಳಿದ ಮೇಲೆ ನೋವಿರುವುದಿಲ್ಲ, ಆದ್ದರಿಂದ ಹುಡುಗ ಮತ್ತೆ ಅಂಕಣಕ್ಕೆ ಇಳಿಯುತ್ತಾನೆ, ಮಂಡಿ ಮತ್ತೆ ಜಾರುತ್ತದೆ. ಹೀಗೆ ಜಾರಿದಾಗಲೆಲ್ಲ ಒಳಗಿನ ಮೆತ್ತೆ ಹರಿಯಬಹುದು, ಮೂವತ್ತಕ್ಕೇ ಮಂಡಿ ಮುದುಕನದಾಗುತ್ತದೆ. ಆಪರೇಷನ್ನಿಗೆ ದುಡ್ಡಿಲ್ಲವೆಂದು ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಸ್ವೀಡನ್ನಿನಲ್ಲಿ 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ 121 ತರುಣ ತರುಣಿಯರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಬೇಗ ಆಪರೇಷನ್ ಮಾಡಿ ವ್ಯಾಯಾಮ ಕೊಟ್ಟರು, ಉಳಿದ ಅರ್ಧ ಜನಕ್ಕೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಎಂದರು. ವ್ಯಾಯಾಮದಿಂದ ಶುರು ಮಾಡಿದ 59 ಜನರಲ್ಲಿ ಎರಡು ವರ್ಷದೊಳಗೆ ಆಪರೇಷನ್ ಬೇಕಾದದ್ದು 23 ಜನಕ್ಕೆ. ಎರಡೂ ಗುಂಪಿನ ಮಂಡಿಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆಪರೇಷನ್ ಆದವರೂ ಅವಸರ ಪಡಬಾರದು. ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮರುಗಾಯ ಸುಮಾರು ಅರ್ಧಕ್ಕಿಳಿದದ್ದನ್ನು ನಾರ್ವೆಯ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ತೊಡೆಯ ಸ್ನಾಯು ಎರಡೂ ಕಾಲಿನಲ್ಲಿ ಸಮವಾಗಿದೆಯೇ, ಒಂಟಿಕಾಲಿನಲ್ಲಿ ಜಿಗಿದು ಅಲುಗದೆ ನಿಲ್ಲುತ್ತಾನೆಯೇ ಎಂದು ನೋಡದೆ ಯಾರೂ ಹುಡುಗನನ್ನು ರೈಡಿಗೆ ಕಳಿಸಬಾರದು.

ಪಾದದ ಉಳುಕು ಸಣ್ಣದು ಎಂದು ಬಿಡುತ್ತಾರೆ. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಕಾಲಗಂಟಿನ ಮೂಳೆಯನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಿ, ಅದಕ್ಕೆ ಮೊದಲು ಯಾರ ಕೈಯಲ್ಲೂ ಎಳೆಸಿ ಕಟ್ಟಿಸಬೇಡಿ. ಮೂಳೆ ಚೆನ್ನಾಗಿದ್ದರೆ ಬೇಗ ಊರಿ ನಡೆಸಿ, ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿಸಿ.

ಈಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು. ಇಲ್ಲಿ ನನ್ನ ವ್ಯಾಯಾಮದ ಮಾತು ನಡೆಯುವುದಿಲ್ಲ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಎರಡೂ ಕಾಲು ಸೋತರೆ, ಅದೇ ದಿನ ಕರ್ನೂಲು ಸರ್ಕಾರಿ ಸಾಮಾನ್ಯ ಆಸ್ಪತ್ರೆಗೋ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ. ನಾಚಿಕೆಯಿಂದ ಮುಚ್ಚಿಟ್ಟರೆ ಜೀವನವಿಡೀ ಆ ತೊಂದರೆ ಉಳಿಯಬಹುದು. ನಡೆಯುವಾಗ ಪಾದ ನೆಲಕ್ಕೆ ತೂಗಿಬಿದ್ದು ಚಪ್ಪಲಿ ಕಳಚುತ್ತಿದ್ದರೆ ಅದೂ ಕಾಯುವ ವಿಷಯವಲ್ಲ. ರಾತ್ರಿ ಮಲಗಿದಾಗಲೂ ಬಿಡದ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಯುವುದು, ಇವು ಒಟ್ಟಿಗಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಪರೀಕ್ಷೆಯೂ ಔಷಧಿಯೂ ಉಚಿತ, ಪೂರ್ತಿ ತೆಗೆದುಕೊಂಡರೆ ವಾಸಿಯಾಗುತ್ತದೆ. ಲಾರಿ ಮೇಲಿಂದ ಬಿದ್ದವರನ್ನಾಗಲಿ, ದೇವರಗಟ್ಟಿನ ಬನ್ನಿ ಜಾತ್ರೆಯ ರಾತ್ರಿ ತಲೆಗೆ ಕುತ್ತಿಗೆಗೆ ಬಡಿಗೆ ಏಟು ಬಿದ್ದವರನ್ನಾಗಲಿ ಕೈಕಾಲು ಹಿಡಿದೆತ್ತಿ ಓಡಬೇಡಿ. ತಲೆ, ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದು, ಹಲಗೆಯ ಮೇಲೆ ಮಲಗಿಸಿ, 108ಕ್ಕೆ ಫೋನು ಮಾಡಿ.

ಭಾಷೆಯ ತೊಡಕನ್ನೂ ಬಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ನಮ್ಮ ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು. ಮಾತ್ರೆಯನ್ನು ಮಾತಿಲ್ಲದೆಯೂ ನುಂಗಬಹುದು, ವ್ಯಾಯಾಮವನ್ನು ಮಾತು ತಿಳಿಯದೆ ಕಲಿಯಲಾಗದು. ಆಸ್ಪತ್ರೆಯಲ್ಲಿ ಇಂಗ್ಲಿಷ್ ಚೀಟಿ ಕೊಟ್ಟರೆ ಸುಮ್ಮನೆ ಬರಬೇಡಿ. ಕನ್ನಡವೋ ತೆಲುಗೋ ಉರ್ದುವೋ, ನಿಮಗೆ ತಿಳಿಯುವ ಮಾತಿನಲ್ಲಿ ಒಂದು ಸಲ ಮಾಡಿ ತೋರಿಸಿ ಎಂದು ಕೇಳಿ. ನೀವು ಮಾಡಿದ್ದನ್ನು ಅವರು ನೋಡುವತನಕ ಎದ್ದು ಬರಬೇಡಿ.

ಕೊನೆಗೆ ಒಂದು ಕೋರಿಕೆ. ಮಾರುಕಟ್ಟೆ ಸಮಿತಿಯ ಹತ್ತಿರ ನೀವು ಕೂಲಿ ದರದ ಮಾತಿಗೆ ಹೋಗುವಾಗ ಇನ್ನೆರಡು ಬೇಡಿಕೆ ಸೇರಿಸಿ: 50 ಕಿಲೊ ದಾಟಿದ ಚೀಲವನ್ನು ಒಬ್ಬರ ಬೆನ್ನಿಗೆ ಹಾಕಬಾರದು, ಮತ್ತು ಯಾರ್ಡಿನೊಳಗೆ ಚಾಪೆ ಹಾಸಲು ಒಂದು ಕೋಣೆ ಬೇಕು. ಚಿಕಿತ್ಸಾಲಯಗಳು ತೆರೆಯುವುದು ನೀವು ದುಡಿಯುವ ಹೊತ್ತಿನಲ್ಲಿ, ಅದೇ ನೀವು ಬಾರದಿರಲು ಮೊದಲ ಕಾರಣ. ಆ ಕೋಣೆ ಸಿಕ್ಕರೆ ವಾರಕ್ಕೊಂದು ದಿನ, ಹರಾಜು ಶುರುವಾಗುವ ಮುನ್ನ ನಸುಕಿನಲ್ಲಿ ನಾನು ಬಂದು ಕಲಿಸುತ್ತೇನೆ, ದುಡ್ಡು ಬೇಡ. ಮನವಿಯಲ್ಲಿ ಸಹಿ ಹಾಕುವವರ ಸಾಲಿನಲ್ಲಿ ನನ್ನದೂ ಇರಲಿ, ಕಾಗದ ಸಿದ್ಧವಾದಾಗ ಹೇಳಿ ಕಳಿಸಿ.

ಇಂತಿ,
ನಿಮ್ಮ ಊರಿನ ಒಬ್ಬ ಫಿಜಿಯೋಥೆರಪಿಸ್ಟ್